ಸ್ಪ್ಯಾನರ್ ಮೇಲಿನ ಎರಡು ಅಕ್ಷರ

"ಅಪ್ಪ, ನಿಮ್ಮ ಜೀವನದ ಕಥೆ ಹೇಳಿ, ರೆಕಾರ್ಡ್ ಮಾಡ್ಕೊಳ್ತೀನಿ" ಎಂದು ಮೊದಲ ಸಲ ಕೇಳಿದಾಗ ಅಪ್ಪ ಪೇಪರ್‌ನಿಂದ ತಲೆ ಎತ್ತಲಿಲ್ಲ. "ನನ್ನದೇನಿದೆ ಹೇಳೋಕೆ? ಎಲ್ಲರ ಹಾಗೆ ದುಡಿದೆ, ನಿಮ್ಮನ್ನ ಬೆಳೆಸಿದೆ" ಎಂದರು. ಎರಡು ವಾರ ಬಿಟ್ಟು ಮತ್ತೆ ಕೇಳಿದೆ. ಈ ಸಲ ಅಮ್ಮನಿಗೆ ಬೇಜಾರಾಯಿತು. "ಈಗ್ಯಾಕೆ ಇದೆಲ್ಲ? ನಾವೇನು ನಾಳೆನೇ ಹೋಗ್ತೀವಾ?" ಎಂದಳು. ನನಗೆ ಗಂಟಲು ಕಟ್ಟಿತು. ನಾನು ಪ್ರೀತಿಯಿಂದಲೇ ಕೇಳಿದ್ದೆ. ಅವರಿಗೆ ಅದರಲ್ಲಿ ಸಾವು ಕೇಳಿಸಿತ್ತು.

ಐವತ್ತು ಪ್ರಶ್ನೆಗಳ ಪಟ್ಟಿ ಮಾಡಿಟ್ಟುಕೊಂಡಿದ್ದೆ. ಅದನ್ನು ಎತ್ತಿಟ್ಟೆ.

ಕೆಲವು ತಿಂಗಳ ನಂತರ ಒಂದು ದಿನ ನಲ್ಲಿ ಸೋರುತ್ತಿತ್ತು. ಅಪ್ಪನ ಪೆಟ್ಟಿಗೆಯಿಂದ ಹಳೇ ಸ್ಪ್ಯಾನರ್ ತೆಗೆದೆ. ಅದರ ಹಿಡಿಯ ಮೇಲೆ ಎರಡು ಅಕ್ಷರ ಕೊರೆದಿತ್ತು. ಅಪ್ಪನ ಹೆಸರಿನ ಅಕ್ಷರಗಳಲ್ಲ. "ಇದು ಯಾರದು ಅಪ್ಪ?" ಎಂದೆ. ನಿಜಕ್ಕೂ ಗೊತ್ತಿರಲಿಲ್ಲ, ಅದಕ್ಕೇ ಕೇಳಿದ್ದು. ಅಪ್ಪ ಸ್ಪ್ಯಾನರ್ ಕೈಗೆ ತಗೊಂಡು, ಹೆಬ್ಬೆರಳಿಂದ ಆ ಅಕ್ಷರಗಳನ್ನು ಒರೆಸಿದರು. ಮೊದಲ ಕೆಲಸಕ್ಕೆ ಸೇರಿದಾಗ ಜೊತೆಗಿದ್ದ ಹಿರಿಯ ಮೆಕ್ಯಾನಿಕ್ ಒಬ್ಬರದಂತೆ. ಅಪ್ಪನಿಗೆ ಆಗ ಹತ್ತೊಂಬತ್ತು. ಕೈತಪ್ಪಿ ಒಂದು ಯಂತ್ರ ಹಾಳಾಗಿತ್ತು. ತಪ್ಪು ತನ್ನದು ಎಂದು ಅವರು ಮೇಲಿನವರ ಮುಂದೆ ಹೇಳಿ, ಅಪ್ಪನ ಕೆಲಸ ಉಳಿಸಿದ್ದರು. ನಿವೃತ್ತಿಯ ದಿನ ಈ ಸ್ಪ್ಯಾನರ್ ಕೊಟ್ಟು ಹೋಗಿದ್ದರು. ಆ ಮನುಷ್ಯನ ಹೆಸರನ್ನೇ ನಾನು ಅಲ್ಲಿವರೆಗೆ ಕೇಳಿರಲಿಲ್ಲ. ಅವರಿಲ್ಲದಿದ್ದರೆ ನಮ್ಮ ಮನೆಯ ಕಥೆಯೇ ಬೇರೆ ಆಗುತ್ತಿತ್ತು, ಅಲ್ವಾ?

ಅಷ್ಟು ಹೊತ್ತೂ ಫೋನು ಒಳಗಿನ ಕೋಣೆಯಲ್ಲಿತ್ತು. ಒಂದು ಮಾತೂ ರೆಕಾರ್ಡ್ ಆಗಲಿಲ್ಲ. ಆಮೇಲೆ ಅದನ್ನೇ ಇನ್ನೊಮ್ಮೆ ಹೇಳಿಸಿದೆ. ಎರಡನೇ ಸಲ ವಿಷಯ ಬಂತು, ಆದರೆ ಧ್ವನಿಯಲ್ಲಿದ್ದ ನಡುಕ ಬರಲಿಲ್ಲ. ಆದರೂ ಆ ದಿನ ನನಗೆ ದಾರಿ ಸಿಕ್ಕಿತು. "ಜೀವನದ ಕಥೆ" ಎಂದರೆ ಯಾರಿಗೂ ಬಾಯಿ ಬರುವುದಿಲ್ಲ. ಒಂದು ವಸ್ತು, ಒಂದು ಜಾಗ, ಒಬ್ಬ ಮನುಷ್ಯ. ಇವುಗಳಲ್ಲಿ ಒಂದನ್ನು ಕೇಳಿದರೆ ಸಾಕು.

ನಂತರದ ಭಾನುವಾರ ನಾನೇ ಒಂದು ಫೋಟೋ ತಂದು ಕೇಳಿದೆ. "ಇದರಲ್ಲಿ ಬಲಗಡೆ ನಿಂತಿರೋರು ಯಾರು? ನನಗೆ ಗೊತ್ತಾಗ್ತಿಲ್ಲ. ಹೇಳಿ, ಮರೆತುಹೋಗದ ಹಾಗೆ ಫೋನಲ್ಲಿ ಹಿಡಿದಿಡ್ತೀನಿ." ಅಪ್ಪ ಫೋನ್ ಕಡೆ ಒಮ್ಮೆ ನೋಡಿ, ಆಮೇಲೆ ಅದನ್ನು ಮರೆತೇಬಿಟ್ಟರು.

ಅಮ್ಮನ ಜೊತೆ ಬೇರೆ ದಾರಿ ಬೇಕಾಯಿತು. ಅವಳಿಗೆ ಒಂದು ಹಾಳೆ, ಪೆನ್ಸಿಲ್ ಕೊಟ್ಟು, "ನೀನು ಹುಟ್ಟಿ ಬೆಳೆದ ಮನೆಯ ನಕ್ಷೆ ಬರೆದು ತೋರಿಸಮ್ಮ" ಎಂದೆ. ಬಾಗಿಲಿಂದ ಶುರು ಮಾಡಿದಳು. ಒಳಗೆ ಬಂದರೆ ಮೊದಲು ಏನು ಕಾಣ್ತಿತ್ತು, ಬೆಳಕು ಯಾವ ಕಡೆಯಿಂದ ಬರ್ತಿತ್ತು, ಯಾರು ಎಲ್ಲಿ ಮಲಗ್ತಿದ್ದರು ಎಂದು ಕೇಳುತ್ತಾ ಹೋದೆ. ಹೀಗೆ ಒಂದೊಂದೇ ಕೋಣೆ ದಾಟಿ ಅಟ್ಟದ ಹತ್ತಿರ ಬಂದಾಗ ಪೆನ್ಸಿಲ್ ನಿಂತಿತು. ಶಾಲೆ ಬಿಡಿಸಿದ ದಿನ ಪುಸ್ತಕಗಳನ್ನೆಲ್ಲ ಕಟ್ಟಿ ಅಲ್ಲಿ ಇಟ್ಟಿದ್ದಳಂತೆ. ಆಗಾಗ ಏಣಿ ಹತ್ತಿ ಹೋಗಿ ಓದುತ್ತಿದ್ದಳಂತೆ. ನಾನು ಏನೂ ಮಾತಾಡಲಿಲ್ಲ. ಸುಮ್ಮನಿರುವುದು ತುಂಬಾ ಕಷ್ಟ. ಮನಸ್ಸಲ್ಲೇ ಹತ್ತರವರೆಗೆ ಎಣಿಸಿದೆ. ಆಮೇಲೆ ಬಂದ ಮಾತುಗಳೇ ಆ ದಿನದ ಮುಖ್ಯ ಮಾತುಗಳು.

ಹುಟ್ಟಿನಿಂದ ಕ್ರಮವಾಗಿ ಶುರು ಮಾಡಬೇಕು ಎಂಬುದೇನಿಲ್ಲ. ವಯಸ್ಸಾದವರಿಗೆ ಸುಮಾರು ಹತ್ತರಿಂದ ಮೂವತ್ತು ವರ್ಷದ ನಡುವಿನ ನೆನಪುಗಳೇ ಜಾಸ್ತಿ ಎಂದು ಮನಃಶಾಸ್ತ್ರಜ್ಞರು ಗುರುತಿಸಿದ್ದಾರೆ. ಅಪ್ಪನಲ್ಲಿ ಅದನ್ನು ಕಣ್ಣಾರೆ ಕಂಡೆ. ಐವತ್ತನೇ ವಯಸ್ಸಿನ ವಿಷಯ ಕೇಳಿದರೆ ಎರಡು ವಾಕ್ಯ. ಇಪ್ಪತ್ತರದ್ದು ಕೇಳಿದರೆ ಅಂಗಿಯ ಬಣ್ಣದ ಸಮೇತ ಬರುತ್ತದೆ. ಹಿರಿಯರು ಹಳೆಯದನ್ನೇ ಹೇಳುತ್ತಾ ಕೂತರೆ ಒಂದು ಕಾಲದಲ್ಲಿ ಅದನ್ನು ಮುಪ್ಪಿನ ಲಕ್ಷಣ ಎನ್ನುತ್ತಿದ್ದರು. ಅಮೆರಿಕದ ಮನೋವೈದ್ಯ ರಾಬರ್ಟ್ ಬಟ್ಲರ್ 1963ರಲ್ಲಿ ಬರೆದ ಲೇಖನದಲ್ಲಿ, ಬದುಕನ್ನು ಹೀಗೆ ತಿರುಗಿ ನೋಡುವುದು ಮುಪ್ಪಿನಲ್ಲಿ ಸಹಜವಾದದ್ದು ಎಂದು ವಾದಿಸಿದರು. ಇದನ್ನು ಓದಿದ ಮೇಲೆ, ಅಪ್ಪ ಹೇಳಿದ್ದನ್ನೇ ಹೇಳಿದರೂ ನಾನು "ಇದು ಗೊತ್ತು" ಎನ್ನುವುದನ್ನು ಬಿಟ್ಟೆ. ಮೂರನೇ ಸಲ ಹೇಳುವಾಗ ಹೊಸ ಮನುಷ್ಯನೊಬ್ಬ ಕಥೆಯೊಳಗೆ ಬಂದದ್ದೂ ಇದೆ.

ಇಬ್ಬರನ್ನೂ ಒಟ್ಟಿಗೆ ಕೂರಿಸಿದ್ದು ನನ್ನ ತಪ್ಪು. ಅಪ್ಪ ಒಂದು ವರ್ಷ ಹೇಳಿದರು, "ಅಲ್ಲ, ಅದಾಗಿದ್ದು ಅದರ ಮುಂಚಿನ ವರ್ಷ" ಎಂದು ಅಮ್ಮ ತಿದ್ದಿದಳು. ಅಪ್ಪ ಮೌನವಾದರು. ಆವತ್ತಿಗೆ ಅಷ್ಟೇ. ಆಮೇಲಿಂದ ಬೇರೆ ಬೇರೆಯಾಗಿ ಕೂರುತ್ತೇವೆ. ಇಸವಿ ತಪ್ಪಿದ್ದರೆ ನಾನು ತಿದ್ದುವುದಿಲ್ಲ. ಇಸವಿ ಹಳೇ ಕಾಗದಪತ್ರದಲ್ಲಿ ಸಿಗುತ್ತದೆ, ಅಪ್ಪನ ಭಯ ಅಲ್ಲಿ ಸಿಗುವುದಿಲ್ಲ.

ಹೊತ್ತಿನ ಬಗ್ಗೆ ಒಂದು ಮಾತು. ಸಾಮಾನ್ಯ ಜನರ ಮಾತುಗಳನ್ನು 2003ರಿಂದ ದಾಖಲಿಸುತ್ತಿರುವ ಅಮೆರಿಕದ ಸ್ಟೋರಿಕಾರ್ಪ್ಸ್ ಸಂಸ್ಥೆ ಒಂದು ಸಂಭಾಷಣೆಗೆ 40 ನಿಮಿಷ ಇಟ್ಟುಕೊಂಡಿದೆ. ನಾನೂ ಅಷ್ಟೇ ಇಟ್ಟುಕೊಂಡೆ. ಅದಕ್ಕಿಂತ ಜಾಸ್ತಿಯಾದರೆ ಅಮ್ಮನ ಧ್ವನಿ ಇಳಿಯುತ್ತದೆ.

ಸಲಕರಣೆ ಎಂದರೆ ಬರೀ ಫೋನು. ಆದರೆ ಮೂರನೇ ರೆಕಾರ್ಡಿಂಗ್‌ನಲ್ಲಿ ಫ್ಯಾನಿನ ಸದ್ದೇ ಜೋರಾಗಿ, ಅಪ್ಪನ ಮಾತು ಅರ್ಧಕ್ಕರ್ಧ ಮುಳುಗಿಹೋಯಿತು. ಈಗ ಫ್ಯಾನ್ ಆರಿಸುತ್ತೇನೆ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕುತ್ತೇನೆ, ಅವರ ಮುಂದೆ ಒಂದು ಗೇಣು ದೂರದಲ್ಲಿ ಮಡಚಿದ ಬಟ್ಟೆಯ ಮೇಲೆ ಇಡುತ್ತೇನೆ. ಬರೀ ಮೇಜಿನ ಮೇಲಿಟ್ಟರೆ ಕೈ ತಾಗಿದಾಗೆಲ್ಲ ದಡ್ ಎನ್ನುತ್ತದೆ. ಒಂದು ನಿಮಿಷ ಮಾತಾಡಿಸಿ, ಕೇಳಿ ನೋಡಿ, ಆಮೇಲೆ ಶುರು. ವಿಡಿಯೋ ಬೇಡವೆಂದು ನಿರ್ಧರಿಸಿದೆ. ಕ್ಯಾಮೆರಾ ಕಂಡರೆ ಅಮ್ಮ ಸೆಟೆದು ಕೂರುತ್ತಾಳೆ. ಪ್ರತಿ ಫೈಲಿಗೂ ತಾರೀಕು, ಹೆಸರು, ವಿಷಯ ಹಾಕಿ ಮೂರು ಕಡೆ ಇಡುತ್ತೇನೆ: ಕಂಪ್ಯೂಟರಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ಬೇರೆ ಊರಿನಲ್ಲಿರುವ ತಂಗಿಯ ಹತ್ತಿರ.

ಎಲ್ಲವನ್ನೂ ಹಿಡಿದಿಡಲೂಬಾರದು. ಪ್ರತಿ ಸಲ ಶುರುವಿಗೆ, "ಯಾವಾಗ ಬೇಕಾದ್ರೂ ನಿಲ್ಲಿಸು ಅನ್ನಿ" ಎಂದು ಹೇಳುತ್ತೇನೆ. ಒಂದು ದಿನ ಅಪ್ಪ ತೀರಿಹೋದ ತಮ್ಮನ ವಿಷಯಕ್ಕೆ ಬಂದರು. "ಇದನ್ನ ಆಫ್ ಮಾಡು. ನೀನು ಮಾತ್ರ ಕೇಳು" ಎಂದರು. ಆಫ್ ಮಾಡಿ, ಫೋನನ್ನು ಆಚೆ ಕೋಣೆಯಲ್ಲಿಟ್ಟು ಬಂದೆ. ಆ ಮಾತುಗಳನ್ನು ನಾನು ಎಲ್ಲೂ ಬರೆದಿಟ್ಟಿಲ್ಲ. ಮುಂದಿನ ವಾರ ಅಪ್ಪ ತಾವಾಗಿಯೇ ಬಂದು ಕೂತರು.

ಈಗ ಬರಹಕ್ಕೆ ಇಳಿಸುತ್ತಿದ್ದೇನೆ. 40 ನಿಮಿಷದ ಮಾತಿಗೆ ನನಗೆ ನಾಲ್ಕು ಗಂಟೆ ಹಿಡಿಯುತ್ತದೆ. ಅವರ ಮಾತಿನ ಧಾಟಿ ಬದಲಿಸುವುದಿಲ್ಲ, "ಅದೇನಂದ್ರೆ" ಎಂಬುದನ್ನೂ ಬಿಡುವುದಿಲ್ಲ. ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆದು ಅಪ್ಪನಿಗೆ ಕೊಟ್ಟೆ. ಪೆನ್ಸಿಲ್ ಹಿಡಿದು ಎರಡು ದಿನ ಕೂತು ಓದಿದರು. ಹೆಸರುಗಳ ಕಾಗುಣಿತ ತಿದ್ದಿದರು. ಸ್ಪ್ಯಾನರಿನ ಪುಟದ ಅಂಚಿನಲ್ಲಿ ಸಣ್ಣದಾಗಿ ಬರೆದಿದ್ದರು: "ಅವರ ಮನೆಗೆ ಒಮ್ಮೆ ಹೋಗಿದ್ದೆ. ಅದನ್ನು ಹೇಳೋದು ಬಿಟ್ಟುಹೋಗಿದೆ." ಬರುವ ಭಾನುವಾರ ಅದನ್ನೇ ಕೇಳಬೇಕು.