ಕುಡುಗೋಲೋ, ಪೊರಕೆಯೋ? ಜೂಡೋ ಥ್ರೋಗಳ ಗುರುತು ಹಿಡಿಯುವ ಬಗೆ

"ಮಿಸ್, ಇವೆರಡೂ ಒಂದೇ ಅಲ್ವಾ?" ಮಂಡ್ಯದಲ್ಲಿ ನನ್ನ ಹತ್ತಿರ ಜೂಡೋ ಕಲಿಯುವ ಮಕ್ಕಳು ಬೆಲ್ಟ್ ಪರೀಕ್ಷೆ ಹತ್ತಿರ ಬಂದಾಗೆಲ್ಲ, ಎದುರಿನವರನ್ನು ಎಸೆದು ಬೀಳಿಸುವ ಯಾವುದಾದರೂ ಎರಡು ಥ್ರೋ ತೋರಿಸಿ ಕೇಳುವ ಪ್ರಶ್ನೆ ಇದು. ಒಂದೇ ಅಲ್ಲ. ಜೂಡೋ ಹುಟ್ಟಿದ ಜಪಾನಿನ ಶಾಲೆ ಕೊಡೋಕಾನ್, ಅದರ ಪಟ್ಟಿಯಲ್ಲಿ 68 ಥ್ರೋಗಳಿವೆ. ಸುಮ್ನೆ ಬಾಯಿಪಾಠ ಮಾಡಿದರೆ ಎಲ್ಲ ಕಲಸಿಹೋಗುತ್ತವೆ. ಹೆಸರಿನ ಅರ್ಥ ಹಿಡಿದುಕೊಂಡು ನೋಡಿ, ಗುರುತು ತಾನಾಗಿ ಸಿಗುತ್ತದೆ.

ಗಾರಿ ಅಂದರೆ ಕೊಯ್ಯುವುದು. ಬರಾಯ್ ಅಥವಾ ಹರಾಯ್ ಅಂದರೆ ಗುಡಿಸುವುದು. ಗುರುಮಾ ಅಂದರೆ ಚಕ್ರ, ಒಟೋಷಿ ಅಂದರೆ ಕೆಡವುವುದು.

ನಾನು ನಮ್ಮ ಗದ್ದೆಯಲ್ಲಿ ಭತ್ತ ಕೊಯ್ದು ಬೆಳೆದವಳು. ಪೈರಿನ ಬುಡ ಹಿಡಿದು, ಕುಡುಗೋಲನ್ನು ಹಿಂದಿನಿಂದ ಹಾಕಿ ನಮ್ಮ ಕಡೆಗೆ ಎಳೆಯುತ್ತೇವೆ. ಪೈರು ಬೇರೂರಿ ನಿಂತಿದೆ, ಅದಕ್ಕೇ ಕೊಯ್ಯಲು ಆಗುತ್ತದೆ. ಕಸ ಹಾಗಲ್ಲ. ಅದಕ್ಕೆ ಬೇರಿಲ್ಲ, ಪೊರಕೆ ತಾಗಿದರೆ ಜಾರಿಹೋಗುತ್ತದೆ.

ಕೊಸೊಟೊ ಗಾರಿಗೂ ಡೆ ಆಶಿ ಬರಾಯ್‌ಗೂ ಇರುವ ವ್ಯತ್ಯಾಸ ಇಷ್ಟೇ. ದೂರದಿಂದ ನೋಡಿದರೆ ಎರಡರಲ್ಲೂ ಎದುರಿನವರ ಪಾದವನ್ನು ಹೊರಗಡೆಯಿಂದ ನಮ್ಮ ಪಾದ ತೆಗೆಯುತ್ತದೆ. ಹತ್ತಿರ ಬಂದು ಅವರ ಹಿಮ್ಮಡಿ ನೋಡಿ. ಭಾರವೆಲ್ಲ ಹಿಮ್ಮಡಿ ಮೇಲೆ ಊರಿದ್ದು, ಆ ಹಿಮ್ಮಡಿಯನ್ನು ಹಿಂದಿನಿಂದ ಅವರ ಬೆರಳಿನ ದಿಕ್ಕಿಗೆ ಎಳೆದರೆ ಅದು ಕೊಸೊಟೊ ಗಾರಿ. ಮುಂದಿಟ್ಟ ಕಾಲು ಇನ್ನೇನು ಭಾರ ಹೊರಬೇಕು ಅನ್ನುವಷ್ಟರಲ್ಲಿ, ಅದು ಹೋಗುತ್ತಿದ್ದ ಕಡೆಗೇ ಅಂಗಾಲಿನಿಂದ ಗುಡಿಸಿದರೆ ಡೆ ಆಶಿ ಬರಾಯ್. ಇಲ್ಲಿ ಶಕ್ತಿ ಜಾಸ್ತಿ ಬೇಡ, ಸಮಯ ಬೇಕು. ಗುಡಿಸಲು ಹೋಗಿ ಒದೆಯುತ್ತಿದ್ದೀರಿ ಅಂದರೆ ಭಾರ ಆಗಲೇ ಬಿದ್ದಿದೆ, ತಡವಾಗಿದೆ. ಜೊತೆಗಾರರ ಕಣಕಾಲಿಗೂ ಪೆಟ್ಟು.

ಓಸೊಟೊ ಗಾರಿ, ಓಸೊಟೊ ಒಟೋಷಿಯಲ್ಲಿ ನಾನೇ ಎಡವಿದ್ದೆ. ಬ್ರೌನ್ ಬೆಲ್ಟ್ ಪರೀಕ್ಷೆಯಲ್ಲಿ ಗಾರಿ ತೋರಿಸು ಅಂದರು. ಜೊತೆಗಾರ್ತಿಯ ಕಾಲ ಹಿಂದೆ ನನ್ನ ಕಾಲು ಊರಿ ಕೆಡವಿದೆ. ಚೆನ್ನಾಗಿಯೇ ಬಿದ್ದಳು. "ಇದು ಒಟೋಷಿ" ಅಂದು ಅಂಕ ಕಳೆದರು. ಅಲ್ಲಿಯವರೆಗೆ ನನಗೆ ಕಲಿಸಿದವರು ಯಾರೂ ಇದನ್ನು ಬಿಡಿಸಿ ಹೇಳಿರಲಿಲ್ಲ. ಆ ಬೇಸರ ಇನ್ನೂ ಇದೆ. ಅದಕ್ಕೇ ನನ್ನ ಮಕ್ಕಳಿಗೆ ಮೊದಲ ವಾರವೇ ಹೇಳುತ್ತೇನೆ: ಕಾಲು ಬೀಸಿ ಕೊಯ್ದರೆ ಗಾರಿ, ಊರಿ ಕೆಡವಿದರೆ ಒಟೋಷಿ.

ಇನ್ನು ತಿರುಗಿ ಹಾಕುವ ಮೂರು: ಹರಾಯ್ ಗೋಷಿ, ಆಶಿ ಗುರುಮಾ, ಟಾಯ್ ಒಟೋಷಿ. ಮೂರರಲ್ಲೂ ಬೆನ್ನು ತಿರುಗುತ್ತದೆ, ಕಾಲು ಅಡ್ಡ ಹೋಗುತ್ತದೆ. ಮೊದಲು ಆ ಕಾಲಿನ ಪಾದ ನೋಡಿ. ಮ್ಯಾಟ್ ಮೇಲೆ ಊರಿದ್ದರೆ ಟಾಯ್ ಒಟೋಷಿ, ಮುಂದೆ ಯೋಚಿಸುವುದೇ ಬೇಡ. ಗಾಳಿಯಲ್ಲಿದ್ದರೆ ಸೊಂಟ ನೋಡಿ. ಸೊಂಟ ಅಂಟಿಕೊಂಡು, ಕಾಲು ತೊಡೆಯನ್ನು ಮೇಲಕ್ಕೆ ಗುಡಿಸಿದರೆ ಹರಾಯ್ ಗೋಷಿ. ಸೊಂಟದ ನಡುವೆ ಜಾಗ ಇದ್ದು, ಕಾಲು ಮಂಡಿಯ ಸ್ವಲ್ಪ ಮೇಲೆ ಅಡ್ಡ ನಿಂತು, ಎದುರಿನವರು ಅದರ ಸುತ್ತ ಉರುಳಿದರೆ ಆಶಿ ಗುರುಮಾ. ಎತ್ತಿನಗಾಡಿಯ ಅಚ್ಚು ನೋಡಿದ್ದೀರಲ್ಲ? ಕಾಲು ಅಚ್ಚು, ಬೀಳುವವರು ಚಕ್ರ.

ಹರಾಯ್ ಗೋಷಿಗೆ ಒಂದು ಕಥೆಯೂ ಇದೆ. 1882ರಲ್ಲಿ ಕೊಡೋಕಾನ್ ಕಟ್ಟಿದ ಜಿಗೊರೊ ಕಾನೊ ಅವರಿಗೆ ಸೊಂಟದಿಂದ ಎಸೆಯುವ ಉಕಿ ಗೋಷಿ ಅಚ್ಚುಮೆಚ್ಚು. ಶಿಷ್ಯ ಸೈಗೊ ಶಿರೊ ಗುರುವಿನ ಸೊಂಟ ದಾಟಿ ಹಾರಿ ತಪ್ಪಿಸಿಕೊಳ್ಳುತ್ತಿದ್ದನಂತೆ. ಹಾರುವ ಕಾಲನ್ನು ತಡೆದು ಗುಡಿಸಲು ಕಾನೊ ಇದನ್ನು ಕಂಡುಕೊಂಡರು ಅನ್ನುತ್ತಾರೆ. ಉಕಿ ಗೋಷಿಯಲ್ಲಿ ಬರೀ ಸೊಂಟ, ಇದರಲ್ಲಿ ಕಾಲೂ ಸೇರಿದೆ.

ಹಿಜಾ ಗುರುಮಾ, ಸಸಾಯೆ ತ್ಸುರಿಕೊಮಿ ಆಶಿ ಸುಲಭ. ಅಂಗಾಲು ಮಂಡಿಗೆ ತಾಗಿದರೆ ಮೊದಲನೆಯದು, ಕಣಕಾಲಿನ ಮುಂದೆ ತಡೆದರೆ ಎರಡನೆಯದು.

ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ಮಾಡಿ, ಕ್ಯಾಮೆರಾ ಮಂಡಿಯ ಎತ್ತರದಲ್ಲಿರಲಿ. ಆಮೇಲೂ ಅನುಮಾನ ಉಳಿದರೆ ಎಸೆದವರನ್ನು ಬಿಟ್ಟು ಬಿದ್ದವರನ್ನು ಕೇಳಿ. ಮೊನ್ನೆ ಇಬ್ಬರು ಹುಡುಗಿಯರು ಕೊಸೊಟೊ ಗಾರಿಯೋ, ಡೆ ಆಶಿ ಬರಾಯೋ ಅನ್ನುವ ಜಗಳ ತಂದಿದ್ದರು. ಬಿದ್ದವಳನ್ನು ಕೇಳಿದೆ, "ಆಗ ನಿನ್ನ ಕಾಲಿನ ಮೇಲೆ ಭಾರ ಇತ್ತೇನಮ್ಮಾ?"

"ಇಲ್ಲ ಮಿಸ್, ಇನ್ನೂ ಊರೇ ಇರ್ಲಿಲ್ಲ."

"ಹಾಗಾದ್ರೆ ಡೆ ಆಶಿ ಬರಾಯ್. ಇನ್ನೊಂದ್ಸಲ ಹಾಕಿ ನೋಡೋಣ."