ವಾರ್ಡಿಗೆ ಹೊಸ ನರ್ಸ್ ಬಂದಾಗ ಇನ್‌ಚಾರ್ಜ್ ಸಿಸ್ಟರ್ ಮಾಡಬೇಕಾದದ್ದು

ಬಿ.ಎಸ್ಸಿ. ನರ್ಸಿಂಗ್ ಮುಗಿಸಿ, ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಣಿ ಮಾಡಿಸಿಕೊಂಡು ಬಂದವರಿಗೆ ಓದು ಗೊತ್ತಿರುತ್ತದೆ. ಆದರೆ ರೌಂಡ್ಸ್, ಫೋನು, ಮುಗಿಯುತ್ತಿರುವ ಡ್ರಿಪ್, ರೋಗಿಯ ಮನೆಯವರ ಗಾಬರಿ ಎಲ್ಲವೂ ಒಟ್ಟಿಗೆ ಮೈಮೇಲೆ ಬಂದಾಗ ಅವರು ತಡಬಡಾಯಿಸುತ್ತಾರೆ. ಆಗ ನಾಲ್ಕು ಜನರೆದುರು ಗದರಿಸಿದರೆ ಮರುದಿನದಿಂದ ಅವರು ಏನನ್ನೂ ಕೇಳುವುದಿಲ್ಲ. ಗೊತ್ತಿಲ್ಲದ್ದನ್ನು ಕೇಳದೆ ಮಾಡುವ ನರ್ಸಿನಿಂದ ಅಪಾಯ ರೋಗಿಗೆ.

ಮೊದಲ ದಿನ ರೋಗಿಗಳನ್ನು ವಹಿಸಬೇಡಿ. ತುರ್ತು ಔಷಧಗಳ ಟ್ರಾಲಿ, ಆಮ್ಲಜನಕ, ಗಂಟಲಿನ ಕಫ ಹೀರಿ ತೆಗೆಯುವ ಸಕ್ಷನ್ ಯಂತ್ರ ಎಲ್ಲಿವೆ ಎಂದು ತೋರಿಸಿ, ಅವರ ಕೈಯಿಂದಲೇ ಒಮ್ಮೆ ನಡೆಸಿ ನೋಡಿಸಿ.

ಎರಡನೆಯದಾಗಿ, ಒಬ್ಬ ಹಿರಿಯ ಸಿಸ್ಟರ್‌ಗೆ ಅವರನ್ನು ಒಪ್ಪಿಸಿ. ‘ಯಾರನ್ನಾದರೂ ಕೇಳಿಕೋ’ ಎಂದರೆ ಯಾರೂ ಸಿಗುವುದಿಲ್ಲ. ಇಬ್ಬರಿಗೂ ಒಂದೇ ಪಾಳಿ ಹಾಕಿ, ಕಲಿಸುವವರ ಕೆಲಸದ ಹೊರೆಯನ್ನೂ ತುಸು ಇಳಿಸಿ. ಇದನ್ನು ಮಾಡದ ಆಸ್ಪತ್ರೆಗಳೇ ಹೆಚ್ಚು, ಅದು ಅನ್ಯಾಯ.

ಹೆಚ್ಚು ಸಮಯ ಕೊಡಬೇಕಾದದ್ದು ಔಷಧಕ್ಕೆ. ಇನ್ಸುಲಿನ್ನನ್ನೇ ನೋಡಿ. ನಮ್ಮಲ್ಲಿ ಒಂದು ಮಿ.ಲೀ.ಗೆ 40 ಯೂನಿಟ್ ಇರುವ ಸೀಸೆಯೂ ಇದೆ, 100 ಯೂನಿಟ್ ಇರುವ ಸೀಸೆಯೂ ಇದೆ. ಎರಡಕ್ಕೂ ಸಿರಿಂಜ್ ಬೇರೆ ಬೇರೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಎಳೆದರೆ ರೋಗಿಯ ಮೈಗೆ ಹೋಗುವುದು 25 ಯೂನಿಟ್. ಎರಡೂ ಸಿರಿಂಜುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ. ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲಿನ (ಪುಟ್ಟ ಸೀಸೆಯ) ಔಷಧವನ್ನು ಡ್ರಿಪ್ಪಿನಲ್ಲಿ ಬೆರೆಸಿ ತೆಳುವಾಗಿಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಲ್ಲಬಹುದು. ಅದನ್ನು ಬೇರೆ ಪೆಟ್ಟಿಗೆಯಲ್ಲೇ ಇಡಿ. ಇಂಥ ಔಷಧ ಕೊಡುವ ಮೊದಲು ಇಬ್ಬರು ನೋಡಬೇಕು. ಈ ನಿಯಮ ಹಿರಿಯರಿಗೂ ಇರಲಿ, ಆಗ ಹೊಸಬರಿಗೆ ಅವಮಾನವೆನಿಸುವುದಿಲ್ಲ.

ವೈದ್ಯರಿಗೆ ಫೋನ್ ಮಾಡುವುದನ್ನೂ ಕಲಿಸಬೇಕು. ‘ಸರ್, ರೋಗಿಗೆ ಹುಷಾರಿಲ್ಲ’ ಎಂದರೆ ಸಾಲದು. ‘ಆರನೇ ಹಾಸಿಗೆ, ನಿನ್ನೆ ಶಸ್ತ್ರಚಿಕಿತ್ಸೆ ಆಗಿದೆ, ಬಿ.ಪಿ. 80/50, ನಾಡಿ 130, ರಕ್ತಸ್ರಾವ ಆಗುತ್ತಿರಬಹುದು, ಕೂಡಲೇ ಬರಬೇಕು’ ಎನ್ನಬೇಕು. ಫೋನಿನಲ್ಲಿ ಹೇಳಿದ ಔಷಧವನ್ನು ಬರೆದುಕೊಂಡು, ತಿರುಗಿ ಓದಿ ಹೇಳಲಿ.

ರೋಗಿಗೆ ಬಳಸಿದ ಸೂಜಿ ತಮ್ಮ ಕೈಗೇ ಚುಚ್ಚಿದರೆ ಮುಚ್ಚಿಡಬಾರದೆಂದು ಮೊದಲ ವಾರವೇ ಹೇಳಿ. ಗಾಯವನ್ನು ಹಿಂಡದೆ ಸೋಪು ನೀರಿನಿಂದ ತೊಳೆದು, ತಕ್ಷಣ ತಿಳಿಸಬೇಕು. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಸಾಧ್ಯವಾದರೆ ಎರಡು ಗಂಟೆಯೊಳಗೆ, ತಡವಾದರೂ 72 ಗಂಟೆಯೊಳಗೆ ಶುರುವಾಗಬೇಕು. ಹೆಪಟೈಟಿಸ್-ಬಿ ಲಸಿಕೆ ಪೂರ್ತಿಯಾಗಿದೆಯೇ ಎಂಬುದನ್ನು ಕೆಲಸಕ್ಕೆ ಸೇರುವಾಗಲೇ ವಿಚಾರಿಸಿ.

ನೋಡಿಕೊಂಡ ರೋಗಿ ತೀರಿಕೊಂಡ ದಿನ, ‘ಇದೆಲ್ಲ ಇದ್ದದ್ದೇ’ ಎನ್ನಬೇಡಿ. ಹತ್ತು ನಿಮಿಷ ಕೂರಿಸಿ, ಏನಾಯಿತೆಂದು ಅವರ ಬಾಯಿಂದಲೇ ಕೇಳಿ.

ಕೊನೆಯದು ನೈಟ್ ಡ್ಯೂಟಿ. ಮೊದಲ ಕೆಲವು ರಾತ್ರಿಗಳಾದರೂ ಹಿರಿಯರೊಬ್ಬರು ಅದೇ ವಾರ್ಡಿನಲ್ಲಿರಲಿ. ಜನ ಕಡಿಮೆಯೆಂದು ಹೊಸಬರನ್ನು ಒಂಟಿಯಾಗಿ ನಿಲ್ಲಿಸುವಂತಿದ್ದರೆ, ರೋಸ್ಟರಿಗೆ ಸಹಿ ಹಾಕುವ ಮೊದಲೇ ನರ್ಸಿಂಗ್ ಸೂಪರಿಂಟೆಂಡೆಂಟರಿಗೆ ಬರವಣಿಗೆಯಲ್ಲಿ ತಿಳಿಸಿ.