ಬಾರ್ಸಿಲೋನಾಗೆ ಯಾವ ತಿಂಗಳು? ಟಿಕೆಟ್ ತೆಗೆಯುವ ಮೊದಲು ಹೀಗೆ ಲೆಕ್ಕ ಹಾಕಿ

ಬಾರ್ಸಿಲೋನಾ ನೋಡಲು ಒಳ್ಳೆಯ ತಿಂಗಳು ಯಾವುದು ಅಂತ ಯಾರನ್ನು ಕೇಳಿದರೂ ಮೇ ಇಲ್ಲವೇ ಸೆಪ್ಟೆಂಬರ್ ಎನ್ನುತ್ತಾರೆ. ತಪ್ಪೇನಿಲ್ಲ. ಆದರೆ ಸಮುದ್ರದಲ್ಲಿ ಈಜಲೇಬೇಕು ಎನ್ನುವವರಿಗೆ ಮೇ ಒಗ್ಗುವುದಿಲ್ಲ. ವಾಸ್ತುಶಿಲ್ಪಿ ಗೌದಿ ಕಟ್ಟಿದ್ದನ್ನು ನೋಡಿದರೆ ಸಾಕು ಎನ್ನುವವರು ಸೆಪ್ಟೆಂಬರಿನ ಹೋಟೆಲ್ ದರ ಕೊಡುವುದು ಸುಮ್ನೆ ದಂಡ. ಹಾಗಾಗಿ ಒಳ್ಳೆಯ ತಿಂಗಳು ಹುಡುಕಬೇಡಿ. ಒಂದು ಹಾಳೆಯಲ್ಲಿ ಹನ್ನೆರಡು ತಿಂಗಳನ್ನೂ ಬರೆದುಕೊಂಡು, ನಿಮಗೆ ಬೇಡದ್ದನ್ನು ಹೊಡೆದುಹಾಕುತ್ತ ಬನ್ನಿ.

ಹೆಜ್ಜೆ 1: ನಮ್ಮ ಮಳೆಗಾಲದ ಲೆಕ್ಕ ಪಕ್ಕಕ್ಕಿಡಿ

ನಮ್ಮಲ್ಲಿ ಮಳೆ ಹಿಡಿದು ಸುರಿಯುವ ಜುಲೈ, ಅಲ್ಲಿ ವರ್ಷದಲ್ಲೇ ಒಣ ತಿಂಗಳು. ಮೆಡಿಟರೇನಿಯನ್ ತೀರದಲ್ಲಿ ಬೇಸಿಗೆ ಮತ್ತು ಮಳೆ ಒಟ್ಟಿಗೆ ಬರುವುದಿಲ್ಲ. ಬಾರ್ಸಿಲೋನಾದಲ್ಲಿ ಹಗಲಿನ ಬಿಸಿಲು ಜನವರಿಯಲ್ಲಿ ಸುಮಾರು 14-15 ಡಿಗ್ರಿ, ಮೇನಲ್ಲಿ 21-22, ಆಗಸ್ಟಿನಲ್ಲಿ 28-29.

ಇಪ್ಪತ್ತೊಂಬತ್ತಾ ಅಂತ ಕಲಬುರಗಿಯವರು ನಗಬಹುದು. ಆದರೆ ಅದು ಸಮುದ್ರದ ಪಕ್ಕದ ಸೆಕೆ, ಮಂಗಳೂರಿನ ಏಪ್ರಿಲ್ ಥರ. ಮೈ ಒಣಗುವುದೇ ಇಲ್ಲ. ರಾತ್ರಿ 20 ಡಿಗ್ರಿಯ ಕೆಳಗೆ ಇಳಿಯದ ದಿನಗಳೇ ಜಾಸ್ತಿ. ಹಳೆಯ ಕಟ್ಟಡಗಳ ಅಗ್ಗದ ಕೋಣೆಗಳಲ್ಲಿ ಎಸಿ ಇರುತ್ತದೆ ಎಂಬ ಖಾತ್ರಿಯೂ ಇಲ್ಲ. ಮೇಲಾಗಿ ಆಗಸ್ಟಿನಲ್ಲಿ ಊರಿನವರೇ ರಜೆಯ ಮೇಲೆ ಹೊರಟುಬಿಡುತ್ತಾರೆ. ಸಣ್ಣ ಅಂಗಡಿ, ಮನೆಮಂದಿ ನಡೆಸುವ ಹೋಟೆಲುಗಳಲ್ಲಿ ಎಷ್ಟೋ ಬಾಗಿಲು ಹಾಕಿರುತ್ತವೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಜುಲೈ, ಆಗಸ್ಟ್ ಎರಡನ್ನೂ ಯೋಚಿಸದೆ ಹೊಡೆದುಹಾಕಿ.

ಹೆಜ್ಜೆ 2: ನೀರಿಗೆ ಇಳಿಯುತ್ತೀರೋ ಇಲ್ಲವೋ ತೀರ್ಮಾನಿಸಿ

ಜನ ಎಡವುವುದು ಇಲ್ಲೇ. ಮೇ ಮತ್ತು ಅಕ್ಟೋಬರ್ ಎರಡರಲ್ಲೂ ಗಾಳಿಯ ಬಿಸಿ ಹೆಚ್ಚುಕಡಿಮೆ ಒಂದೇ. ಸಮುದ್ರದ ನೀರು ಮಾತ್ರ ಬೇರೆ. ಅಷ್ಟು ದೊಡ್ಡ ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ತಣಿಯುತ್ತದೆ. ಫೆಬ್ರವರಿಯಲ್ಲಿ ಸುಮಾರು 13 ಡಿಗ್ರಿ ಇರುವ ನೀರು ಮೇ ಹೊತ್ತಿಗೆ 17ರ ಆಸುಪಾಸಿಗೆ ಬಂದಿರುತ್ತದೆ. ಆಗಸ್ಟಿನಲ್ಲಿ 25 ದಾಟುತ್ತದೆ. ಅಕ್ಟೋಬರಿನಲ್ಲೂ ಇಪ್ಪತ್ತರ ಮೇಲೇ ಇರುತ್ತದೆ. ಬಾರ್ಸೆಲೊನೆಟಾ ಬೀಚಿನಲ್ಲಿ ಮೇ ತಿಂಗಳ ಬಿಸಿಲು ನೋಡಿ ಖುಷಿಯಿಂದ ಓಡಿ ನೀರಿಗೆ ಬಿದ್ದರೆ ಮೈ ಜುಮ್ಮೆನ್ನುತ್ತದೆ. ಈಜುವವರಿಗೆ ಜೂನ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಸರಿ.

ಇದೇ ಬೆಚ್ಚಗಿನ ನೀರು ಇನ್ನೊಂದು ಕೆಲಸವನ್ನೂ ಮಾಡುತ್ತದೆ. ಬೇಸಿಗೆ ಮುಗಿದ ಮೇಲೆ ಉತ್ತರದಿಂದ ತಣ್ಣನೆಯ ಗಾಳಿ ಮೇಲುಗಡೆ ಬರುತ್ತದೆ. ಕೆಳಗೆ ಸಮುದ್ರ ಇನ್ನೂ ಬಿಸಿ, ಆವಿ ಧಾರಾಳ. ಎರಡೂ ಸೇರಿದರೆ ಗುಡುಗು ಸಹಿತ ಜಡಿಮಳೆ. ವರ್ಷದಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಹೆದರಬೇಡಿ, ಮಲೆನಾಡಿನ ಹಾಗೆ ವಾರಗಟ್ಟಲೆ ಜಿನುಗುವುದಿಲ್ಲ. ಸುರಿದು, ನಿಂತು, ಮತ್ತೆ ಬಿಸಿಲು. ಆದರೆ ಆ ತಿಂಗಳುಗಳಲ್ಲಿ ಎರಡೇ ದಿನಕ್ಕೆ ಹೋಗುವುದು ಜೂಜು. ನಾಲ್ಕೈದು ದಿನವಾದರೂ ಇಟ್ಟುಕೊಳ್ಳಿ.

ಹೆಜ್ಜೆ 3: ಹೋಟೆಲ್ ದರ ಏರುವ ವಾರಗಳನ್ನು ಪತ್ತೆ ಮಾಡಿ

ಫೆಬ್ರವರಿ ಚಳಿಗಾಲ, ದರ ಇಳಿದಿರುತ್ತದೆ ಅಂದುಕೊಳ್ಳುತ್ತೀರಿ, ಅಲ್ವಾ? ಮೊಬೈಲ್ ವರ್ಲ್ಡ್ ಕಾಂಗ್ರೆಸ್ 2006ರಿಂದ ಇದೇ ಊರಿನಲ್ಲಿ ನಡೆಯುತ್ತಿದೆ. ಫೆಬ್ರವರಿ ಕೊನೆ ಅಥವಾ ಮಾರ್ಚ್ ಮೊದಲ ವಾರದಲ್ಲಿ ಪ್ರಪಂಚದ ಫೋನ್ ಕಂಪನಿಗಳೆಲ್ಲ ಇಲ್ಲಿ ಬಂದು ಇಳಿಯುತ್ತವೆ. ಆಗ ಸಾಧಾರಣ ಕೋಣೆಗೂ ಬಾಯಿಗೆ ಬಂದ ಬೆಲೆ. ಬೆಂಗಳೂರಿನ ಸಾಫ್ಟ್‌ವೇರ್ ಮಂದಿಗೆ ಇದು ಚೆನ್ನಾಗಿ ಗೊತ್ತು. ಅದರ ದಿನಾಂಕ ನೋಡಿಕೊಂಡು ಆ ವಾರ ಬಿಟ್ಟುಬಿಡಿ. ಈಸ್ಟರ್ ವಾರವೂ ದುಬಾರಿ. ಅದು ಮಾರ್ಚ್ ಕೊನೆಯಿಂದ ಏಪ್ರಿಲ್ ಕೊನೆಯ ನಡುವೆ ಪ್ರತಿವರ್ಷ ಜಾಗ ಬದಲಿಸುತ್ತದೆ.

ಕೈಯಲ್ಲಿ ಕಾಸು ಕಡಿಮೆ ಇದ್ದರೆ ಜನವರಿ ಎರಡನೇ ವಾರದಿಂದ ಫೆಬ್ರವರಿ ನಡುವಿನವರೆಗೆ ನೋಡಿ. ಸ್ವೆಟರ್, ಒಂದು ಜಾಕೆಟ್ ಇದ್ದರೆ ಹಗಲೆಲ್ಲ ತಿರುಗಬಹುದು. ಸಾಲು ಚಿಕ್ಕದು. ಆಗಲೇ ಕಾಲ್ಸೋಟ್ ಕಾಲ. ಉದ್ದನೆಯ ಈರುಳ್ಳಿಯಂಥದ್ದನ್ನು ಬೆಂಕಿಯಲ್ಲಿ ಕಪ್ಪಾಗುವಷ್ಟು ಸುಟ್ಟು, ಸಿಪ್ಪೆ ಎಳೆದು, ಬಾದಾಮಿ-ಟೊಮೆಟೊ ಗೊಜ್ಜಿನಲ್ಲಿ ಅದ್ದಿ ತಿನ್ನುತ್ತಾರೆ. ಸಸ್ಯಾಹಾರಿಗಳಿಗೆ ಆ ಸೀಮೆಯಲ್ಲಿ ಇಷ್ಟು ಹಬ್ಬದ ಊಟ ಬೇರೆ ಸಿಗುವುದು ಕಷ್ಟ.

ಹೆಜ್ಜೆ 4: ಹಬ್ಬ ಬೇಕೋ, ನಿದ್ದೆ ಬೇಕೋ

ಏಪ್ರಿಲ್ 23 ಸಾಂತ್ ಜೋರ್ದಿ. ಬೀದಿಯುದ್ದಕ್ಕೂ ಪುಸ್ತಕದ ಮೇಜುಗಳು, ಗುಲಾಬಿ ಮಾರುವವರು. ಒಬ್ಬರಿಗೊಬ್ಬರು ಹೂವು, ಪುಸ್ತಕ ಕೊಡುತ್ತಾರೆ. ಪುಸ್ತಕ ಓದುವ ಕನ್ನಡಿಗರಿಗೆ ನಾನು ಹೇಳುವ ದಿನ ಇದೊಂದೇ. ಸೆಪ್ಟೆಂಬರ್ 24ರ ಸುತ್ತಮುತ್ತ ಲಾ ಮೆರ್ಸೆ, ಊರಹಬ್ಬ. ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಮನುಷ್ಯರ ಗೋಪುರ ಕಟ್ಟುವುದು, ಬೆಂಕಿಯ ಕಿಡಿ ಹಾರಿಸುತ್ತ ದೆವ್ವದ ವೇಷದವರು ಓಡುವುದು ಎರಡೂ ಆಗ ಸಿಗುತ್ತವೆ. ಗ್ರಾಸಿಯಾ ಬಡಾವಣೆಯವರು ಆಗಸ್ಟ್ ನಡುವಿನಲ್ಲಿ ತಮ್ಮ ಬೀದಿಗಳನ್ನು ಪೈಪೋಟಿಯ ಮೇಲೆ ಸಿಂಗರಿಸುತ್ತಾರೆ.

ಜೂನ್ 23ರ ರಾತ್ರಿ ಸಾಂತ್ ಜೋವಾನ್. ನಸುಕಿನವರೆಗೂ ಪಟಾಕಿ. ಪುಟ್ಟ ಮಕ್ಕಳಿದ್ದರೆ ಅವತ್ತು ಊರೊಳಗೆ ಇರಬೇಡಿ.

ಹೆಜ್ಜೆ 5: ರಜೆ ಮತ್ತು ವೀಸಾ ಹೊಂದಿಸಿ

ಇಲ್ಲಿ ನಮಗೊಂದು ಅನುಕೂಲವಿದೆ. ಯುರೋಪಿನ ಶಾಲೆಗಳ ದೊಡ್ಡ ರಜೆ ಜುಲೈ-ಆಗಸ್ಟಿನಲ್ಲಿ. ಕರ್ನಾಟಕದ ಮಕ್ಕಳಿಗೆ ಏಪ್ರಿಲ್-ಮೇ ರಜೆ, ಆಮೇಲೆ ದಸರಾ ರಜೆ. ಅಂದರೆ ಅವರ ಗದ್ದಲದ ಆಚೆ ಈಚೆ ನಮ್ಮ ಬಿಡುವು ಬೀಳುತ್ತದೆ. ಆದರೆ ನಮ್ಮವರೆಲ್ಲ ಅದೇ ಹೊತ್ತಿಗೆ ಹೊರಡುವುದರಿಂದ ವೀಸಾ ಅಪಾಯಿಂಟ್‌ಮೆಂಟ್ ಸಿಗುವುದಿಲ್ಲ. ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಹೊರಡುವ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು. ಕೊನೆಯ ಗಡುವು 15 ದಿನ ಮೊದಲು. ಮೇ ಪ್ರವಾಸಕ್ಕೆ ಜನವರಿಯಲ್ಲೇ ಕಾಗದಪತ್ರ ಸಿದ್ಧ ಮಾಡಿಕೊಳ್ಳಿ. ಕನಿಷ್ಠ 30,000 ಯೂರೋ ಆಸ್ಪತ್ರೆ ಖರ್ಚು ಭರಿಸುವ ವಿಮೆ ಕಡ್ಡಾಯ.

ಹೆಜ್ಜೆ 6: ಬೆಳಕು ನೋಡಿ ಸಮಯ ಬುಕ್ ಮಾಡಿ

ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ಹೊತ್ತಿಗೆ. ಡಿಸೆಂಬರಿನಲ್ಲಿ ಸಂಜೆ ಐದೂವರೆಗೆಲ್ಲ ಕತ್ತಲು. ಗೌದಿಯ ಚರ್ಚ್ ಸಗ್ರಾದಾ ಫಮೀಲಿಯಾ ನೋಡುವವರಿಗೆ ಈ ಲೆಕ್ಕ ಮುಖ್ಯ. ಪೂರ್ವದ ಕಿಟಕಿಗಳಿಗೆ ನೀಲಿ-ಹಸಿರು ಗಾಜು, ಪಶ್ಚಿಮದವಕ್ಕೆ ಕೆಂಪು-ಕಿತ್ತಳೆ. ಬಿಸಿಲು ಓರೆಯಾಗಿ ಬಿದ್ದಾಗ ಒಳಗಿನ ಕಂಬಗಳಿಗೆಲ್ಲ ಬಣ್ಣ ಹತ್ತುತ್ತದೆ. ಆ ಕೆಂಪು ಬೇಕಿದ್ದರೆ ಚಳಿಗಾಲದಲ್ಲಿ ಮಧ್ಯಾಹ್ನ ಮೂರರ ಸುಮಾರಿನ ಟಿಕೆಟ್ ತೆಗೆಯಿರಿ, ಬೇಸಿಗೆಯಲ್ಲಿ ಸಂಜೆಯದ್ದು. ಟಿಕೆಟ್ ಸಮಯ ನಿಗದಿ ಮಾಡಿಯೇ ಕೊಡುತ್ತಾರೆ, ಗೌದಿಯದೇ ಉದ್ಯಾನ ಪಾರ್ಕ್ ಗ್ವೆಲ್‌ಗೂ ಹಾಗೆಯೇ.

ಈಗ ಹಾಳೆ ನೋಡಿ. ನಡೆದು ನೋಡುವವರಿಗೆ ಸಾಮಾನ್ಯವಾಗಿ ಉಳಿಯುವುದು ಏಪ್ರಿಲ್ ಕೊನೆಯಿಂದ ಮೇ ಕೊನೆ. ಸಮುದ್ರ, ಹಬ್ಬ ಎರಡೂ ಬೇಕೆನ್ನುವವರಿಗೆ ಸೆಪ್ಟೆಂಬರ್ ಮೂರನೇ ವಾರದ ನಂತರ. ನನ್ನನ್ನು ಕೇಳಿದರೆ ಮೇ ಮೊದಲರ್ಧ. ಎರಡು ತಿಂಗಳು ಉಳಿದು ಗೊಂದಲವಾದರೆ ಒಂದೇ ಹೋಟೆಲಿನ ದರವನ್ನು ಎರಡಕ್ಕೂ ಹಾಕಿ ನೋಡಿ, ಯಾವುದು ಅಗ್ಗವೋ ಅದಕ್ಕೆ ಹೊರಡಿ. ಮೇಗೆ ತೆಳುವಾದ ಜಾಕೆಟ್, ಸೆಪ್ಟೆಂಬರಿಗೆ ಮಡಚುವ ಕೊಡೆ ಬ್ಯಾಗಿನಲ್ಲಿರಲಿ.